ಉತ್ತರ ನೋಡುವ ಮೊದಲೇ ಪ್ರಶ್ನೆ ಬರೆದಿಡಿ

ಕೊಡಗಿನ ಕುಟ್ಟ ಪೇಟೆಯ ಒಂದು ಬದಿಗೆ ನಾಗರಹೊಳೆ ಕಾಡು, ಇನ್ನೊಂದು ಬದಿಗೆ ಗಡಿ ದಾಟಿದರೆ ವಯನಾಡಿನ ತೋಲ್ಪೆಟ್ಟಿ. ವಯನಾಡಿನಲ್ಲಿ ಮಂಗಗಳು ಸತ್ತವೆಂದರೆ ಈ ಕಡೆಯವರಿಗೆ ಅದು ದೂರದ ಸುದ್ದಿಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸಿಕೊಂಡಿತು. 2015ರಲ್ಲಿ ವಯನಾಡಿನ ನೂರಕ್ಕೂ ಹೆಚ್ಚು ಜನರನ್ನು ಹಾಸಿಗೆ ಹಿಡಿಸಿತು. ಇದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ಸೌದೆ ಆರಿಸುವವರು, ದನ ಮೇಯಿಸುವವರು, ಅರಣ್ಯ ಇಲಾಖೆಯ ವಾಚರ್‌ಗಳು ಇದಕ್ಕೆ ಮೊದಲು ತುತ್ತಾಗುವವರು.

ಇದಕ್ಕೊಂದು ಲಸಿಕೆ ಇತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿತ್ತು? 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಡೋಸ್‌ಗೆ ಶೇ 79.3, ಎರಡಕ್ಕೆ ಶೇ 93.5ರಷ್ಟು ರಕ್ಷಣೆ. 2005ರಿಂದ 2010ರವರೆಗಿನ ಮಾಹಿತಿ ಹಿಡಿದು 2013ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆಯೇ ಕಥೆ ಹೇಳಿತು. ಅದರಂತೆ ಒಂದು ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ, ಎರಡರಿಂದ ಶೇ 62.4, ಬೂಸ್ಟರ್ ಪಡೆದವರಲ್ಲಿ ಶೇ 82.9.

ಈಗ ಯಾರಾದರೂ ಈ ಲಸಿಕೆಯ ಬಗ್ಗೆ ಬಂದಿರುವ ಅಧ್ಯಯನಗಳನ್ನೆಲ್ಲ ಹುಡುಕಿ, ಅಳೆದು ಒಟ್ಟು ತೀರ್ಪು ಕೊಡಲು ಹೊರಟರು ಎನ್ನಿ. ಸಿಸ್ಟಮ್ಯಾಟಿಕ್ ರಿವ್ಯೂ ಎಂದರೆ ಇದೇ. ಒಂದೇ ಡೋಸ್ ಪಡೆದವರನ್ನು ಲೆಕ್ಕಕ್ಕೆ ಹಿಡಿಯಬೇಕೇ? ಪ್ರಯೋಗಾಲಯದಲ್ಲಿ ಖಚಿತವಾದ ಪ್ರಕರಣಗಳಷ್ಟೇ ಸಾಕೇ, ಜ್ವರ ಬಂದವರೆಲ್ಲ ಬೇಕೇ? ಮುಖ್ಯ ಫಲಿತಾಂಶ ರೋಗವೇ, ಸಾವೇ? ಎಲ್ಲ ಆಯ್ಕೆಗೂ ಸಮರ್ಥನೆ ಸಿಗುತ್ತದೆ. ಎಡವಟ್ಟಾಗುವುದು, ಯಾವ ಆಯ್ಕೆಗೆ ಯಾವ ಅಂಕಿ ಬರುತ್ತದೆಂದು ನೋಡಿಕೊಂಡು ಆಮೇಲೆ ಆಯ್ದಾಗ. ಇದಕ್ಕೆ ದುರುದ್ದೇಶವೇ ಬೇಕೆಂದಿಲ್ಲ; ತನಗೆ ಬೇಕಾದ ಉತ್ತರ ಯಾರಿಗಾದರೂ ಸರಿಯಾಗಿಯೇ ಕಾಣುತ್ತದೆ.

ಕೊಡಗಿನ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಚೆರ್ರಿಗೆ ದರ ಕಟ್ಟುವುದು ಓಟಿ ನೋಡಿ, ಅಂದರೆ 50 ಕೆ.ಜಿ. ಮೂಟೆಗೆ ಎಷ್ಟು ಕೆ.ಜಿ. ಬೀಜ ಇಳಿಯುತ್ತದೆ ಎಂದು ನೋಡಿ. ಸ್ಯಾಂಪಲ್ ಯಾವ ಮೂಟೆಯದ್ದು ಎಂಬುದು ಮೊದಲೇ ಇತ್ಯರ್ಥವಾಗಬೇಕು. ತೂಕ ನೋಡಿದ ಮೇಲೆ ‘ಅದು ಬೇಡ, ಈ ಮೂಟೆಯದ್ದು ತೆಗೀರಿ’ ಎಂದರೆ ವ್ಯಾಪಾರ ಅಲ್ಲಿಗೆ ಮುರಿಯಿತು.

ಆರೋಗ್ಯ ಸಂಶೋಧನೆಯಲ್ಲಿ ರಿವ್ಯೂಗಳ ಯೋಜನೆಯನ್ನು ಹಾಗೆ ಮೊದಲೇ ಬರೆದಿಡುವ ಜಾಗದ ಹೆಸರು ಪ್ರಾಸ್ಪೆರೊ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕೇಂದ್ರವೊಂದು 2011ರ ಫೆಬ್ರುವರಿಯಲ್ಲಿ ಶುರು ಮಾಡಿದ ಈ ದಾಖಲೆ ಪುಸ್ತಕ ಜಗತ್ತಿಗೆಲ್ಲ ತೆರೆದಿದೆ. ಪ್ರಶ್ನೆ ಏನು, ಎಲ್ಲೆಲ್ಲಿ ಹುಡುಕುತ್ತೇವೆ, ಯಾವ ಅಧ್ಯಯನ ಸೇರುತ್ತದೆ, ಯಾವುದು ಸೇರುವುದಿಲ್ಲ, ಯಾವ ಫಲಿತಾಂಶವನ್ನು ಮುಖ್ಯವೆಂದು ಎಣಿಸುತ್ತೇವೆ ಎಂದು ಅದರಲ್ಲಿ ತುಂಬಬೇಕು. ಅಧ್ಯಯನಗಳಿಂದ ಅಂಕಿಅಂಶ ಎತ್ತಿಕೊಳ್ಳಲು ಆರಂಭಿಸಿದ ಮೇಲೆ ಬಂದ ಅರ್ಜಿಗೆ ಜಾಗವಿಲ್ಲ. ಯೋಜನೆ ಬದಲಿಸಬಾರದೆಂದೇನಿಲ್ಲ. ಬದಲಿಸಿದರೆ ಹಳೆಯದೂ ಹೊಸದೂ ದಿನಾಂಕದ ಸಮೇತ ಉಳಿಯುತ್ತವೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಈ ಹಳೆಯ ಪ್ರತಿಯಲ್ಲಿ.

ರಿವ್ಯೂಗಳ ಮಾತು ಹಾಗಿರಲಿ. ರೋಗಿಗಳ ಮೇಲಿನ ಪ್ರಯೋಗಗಳಿಗೆ ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೋಂದಣಿ ಪುಸ್ತಕ ಸಿಟಿಆರ್‌ಐ 2007ರಿಂದ ಇದೆ. 2018ರ ಏಪ್ರಿಲ್ 1ರಿಂದ ಅದು ಪ್ರಯೋಗಕ್ಕೆ ಮುಂಚಿನ ನೋಂದಣಿಯನ್ನಷ್ಟೇ ಒಪ್ಪುತ್ತದೆ. ನಮ್ಮ ಪಿಜಿ ವೈದ್ಯ ವಿದ್ಯಾರ್ಥಿಗಳೂ ಪ್ರಬಂಧಕ್ಕೆ ಮುನ್ನ ಸಿನಾಪ್ಸಿಸ್, ಅಂದರೆ ಅಧ್ಯಯನದ ಯೋಜನೆ, ಸಲ್ಲಿಸುತ್ತಾರೆ. ಮಣಿಪಾಲದ ಪಬ್ಲಿಕ್ ಹೆಲ್ತ್ ಎವಿಡೆನ್ಸ್ ಸೌತ್ ಏಷ್ಯಾದಂಥ ತಂಡಗಳಿಗೆ ರಿವ್ಯೂ ನಿತ್ಯದ ಕಸುಬು. ಅಂದರೆ ಮೊದಲೇ ಬರೆದಿಡುವ ಅಭ್ಯಾಸ ನಮಗೆ ಹೊಸದಲ್ಲ.

ಹಾಗೆಂದು ನೋಂದಣಿ ಸಂಖ್ಯೆ ಕಂಡ ಕೂಡಲೇ ಕೈಮುಗಿಯಬೇಕಿಲ್ಲ. ಪ್ರಾಸ್ಪೆರೊ ಯೋಜನೆಯ ಗುಣಮಟ್ಟಕ್ಕೆ ಅಂಕ ಕೊಡುವುದಿಲ್ಲ. ಕೆಟ್ಟ ಪ್ರಶ್ನೆಯೂ ನೋಂದಣಿಯಾಗುತ್ತದೆ. ನೋಂದಣಿಯಾದದ್ದು ಮುಗಿಯದೆಯೂ ಉಳಿಯುತ್ತದೆ. ಬರೆದಿಟ್ಟದ್ದನ್ನೂ ಪ್ರಕಟವಾದದ್ದನ್ನೂ ಅಕ್ಕಪಕ್ಕ ಇಟ್ಟು ಓದುವವರಿಲ್ಲದಿದ್ದರೆ ಅದು ಬರೀ ಕಡತ.

ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿತು. ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಸೇರಿ ಹೊಸದೊಂದನ್ನು ರೂಪಿಸುತ್ತಿವೆ. ಮುಂದೊಂದು ದಿನ ‘ಎಲ್ಲ ಅಧ್ಯಯನಗಳನ್ನೂ ಪರಿಶೀಲಿಸಿದಾಗ ಶೇ ಇಷ್ಟು ಪರಿಣಾಮಕಾರಿ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ, ಆ ರಿವ್ಯೂ ನೋಂದಣಿಯಾಗಿದೆಯೇ, ಆಗಿದ್ದರೆ ಯಾವ ದಿನಾಂಕಕ್ಕೆ ಎಂದು ಹುಡುಕಿ ನೋಡಿ. ಪ್ರಾಸ್ಪೆರೊದಲ್ಲಿ ಹುಡುಕುವುದಕ್ಕೆ ಕಾಸು ಕೊಡಬೇಕಿಲ್ಲ, ಡಾಕ್ಟರೇ ಆಗಿರಬೇಕೆಂದೂ ಇಲ್ಲ.