58 ಪುಟಗಳ ಅರಿಕೆ

ಕಚೇರಿಯ ಕೆಲಸವನ್ನು ಬಲ್ಲವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವದು. ಕೆಳಗಿನವನು ಬಹು ಶ್ರಮಪಟ್ಟು ಬರೆದ ಟಿಪ್ಪಣಿಯು ಮೇಲಿನವರ ಮೇಜನ್ನು ಮುಟ್ಟಿ, 'ನೋಡಲಾಯಿತು' ಎಂಬ ಒಂದು ಶರಾ ಪಡೆದು, ಕಡತದೊಳಗೆ ಚಿರನಿದ್ರೆಗೆ ಸಲ್ಲುವದು. ಅಂಥ ಟಿಪ್ಪಣಿಯೊಂದು 40 ವರುಷಗಳ ತರುವಾಯ ಎದ್ದು ಬಂದು, ಬರೆದವನು ಗತಿಸಿ 13 ವರುಷಗಳಾದ ಮೇಲೆ ಕಾರ್ಯರೂಪಕ್ಕೆ ಬಂದಿತೆಂದರೆ ವಾಚಕರು ಸುಲಭವಾಗಿ ನಂಬಲಾರರು. ಆದರೆ ಅಮೇರಿಕೆಯ ಚಿತ್ರೋದ್ಯಮದಲ್ಲಿ ಇದು ನಡೆದ ಮಾತು.

ಬರೆದವನು ಆರ್ಸನ್ ವೆಲ್ಸ್. 1941ರಲ್ಲಿ 'ಸಿಟಿಜನ್ ಕೇನ್' ಚಿತ್ರವನ್ನು ಲೋಕಕ್ಕಿತ್ತವನು. ಟಿಪ್ಪಣಿಯ ವಿಷಯ 'ಟಚ್ ಆಫ್ ಈವಿಲ್' ಎಂಬ ಕಪ್ಪು-ಬಿಳುಪು ಚಿತ್ರ. ಇರುಳು, ನೆರಳು, ಪಾಪ ಇವುಗಳನ್ನೇ ಬಂಡವಾಳವಾಗುಳ್ಳ ಇಂಥ ಅಪರಾಧಕಥೆಗಳಿಗೆ ಫ್ರೆಂಚ್ ವಿಮರ್ಶಕರು 'ಫಿಲ್ಮ್ ನುವಾರ್', ಎಂದರೆ ಕರಿಯ ಚಿತ್ರ, ಎಂದು ಹೆಸರಿಟ್ಟಿರುವರು. ಮೆಕ್ಸಿಕೋ ಗಡಿಯ ಒಂದು ಊರು. ಅಪರಾಧಿಗಳೆಂದು ತನಗೆ ತೋರಿದವರ ಮೇಲೆ ಸುಳ್ಳು ಸಾಕ್ಷ್ಯ ಹೂಡಿ ಶಿಕ್ಷೆ ಕೊಡಿಸುವ ಕ್ವಿನ್ಲನ್ ಎಂಬ ಪೋಲೀಸು ಅಧಿಕಾರಿ. ಅವನ ಬಣ್ಣ ಬಯಲಿಗೆಳೆಯಹೊರಟ ವರ್ಗಾಸ್ ಎಂಬ ಮೆಕ್ಸಿಕನ್ ಅಧಿಕಾರಿ. ಕಥೆ ಇಷ್ಟೇ. ಯೂನಿವರ್ಸಲ್ ಸಂಸ್ಥೆಯವರು ವೆಲ್ಸನನ್ನು ಮೊದಲು ಬರಿಯ ನಟನೆಂದೇ ಕರೆದಿದ್ದರು. ನಾಯಕ ಚಾರ್ಲ್ಟನ್ ಹೆಸ್ಟನ್ನನ ಮಾತಿನ ಮೇಲೆ ದಿಗ್ದರ್ಶನದ ಭಾರವೂ ಅವನಿಗೇ ಬಂದಿತು.

1957ರಲ್ಲಿ ಚಿತ್ರಣ ಮುಗಿದ ಮೇಲೆ ಸಂಸ್ಥೆಯವರು ಸಂಕಲನವನ್ನು ಅವನ ಕೈಯಿಂದ ಕಸಿದುಕೊಂಡರು. ಹ್ಯಾರಿ ಕೆಲ್ಲರ್ ಎಂಬ ಬೇರೊಬ್ಬ ದಿಗ್ದರ್ಶಕನಿಂದ ಕೆಲವು ದೃಶ್ಯಗಳನ್ನು ಹೊಸದಾಗಿ ತೆಗೆಯಿಸಿ ಸೇರಿಸಿದರು. ಹೀಗೆ ಮಾರ್ಪಟ್ಟ ತನ್ನ ಕೃತಿಯನ್ನು ವೆಲ್ಸನು ಒಂದು ಸಲ ನೋಡಿ, ಆ ವರುಷದ ಡಿಸೆಂಬರ 5ರಂದು ಸಂಸ್ಥೆಯ ಮುಖ್ಯಸ್ಥ ಎಡ್ವರ್ಡ್ ಮೂಲನಿಗೆ 58 ಪುಟಗಳ ಅರಿಕೆ ಬರೆದನು. ಅದರಲ್ಲಿ ಸಲ್ಲಿಸಲ್ಪಟ್ಟ ಬೇಡಿಕೆಗಳು ಕೆಲವೇ. 1958ರಲ್ಲಿ ಚಿತ್ರವು ಸುಮಾರು 95 ನಿಮಿಷಗಳದಾಗಿ, ಒಂದು ಟಿಕೀಟಿಗೆ ಎರಡು ಚಿತ್ರಗಳನ್ನು ತೋರಿಸುವ ಆಟದಲ್ಲಿ ಎರಡನೆಯದಾಗಿ ಹೊರಬಿದ್ದಿತು. 1970ರ ದಶಕದಲ್ಲಿ 108 ನಿಮಿಷಗಳ ಬೇರೊಂದು ಪ್ರತಿ ದೊರೆಯಿತು. ಅದು ಬಿಡುಗಡೆಗೆ ಮುನ್ನ ಪರೀಕ್ಷೆಗಾಗಿ ತೋರಿಸಿದ್ದು, ವೆಲ್ಸನ ಸಂಕಲನವೇನೂ ಅಲ್ಲ.

1998ರಲ್ಲಿ ನಿರ್ಮಾಪಕ ರಿಕ್ ಶ್ಮಿಡ್ಲಿನ್ ಹಾಗೂ ಸಂಕಲನಕಾರ ವಾಲ್ಟರ್ ಮರ್ಚ್ ಇವರಿಬ್ಬರೂ ಆ ಅರಿಕೆಯನ್ನು ಎದುರಿಗಿಟ್ಟುಕೊಂಡು ಸುಮಾರು 50 ಮಾರ್ಪಾಡುಗಳನ್ನು ಮಾಡಿದರು. ಮೊದಲನೆಯದೇ ಎಲ್ಲಕ್ಕೂ ಪ್ರಸಿದ್ಧವಾದದ್ದು. ಚಿತ್ರದ ಆರಂಭದಲ್ಲಿ ಒಂದು ಕೈ ಕಾರಿನ ಹಿಂಭಾಗದಲ್ಲಿ ಬಾಂಬು ಇಡುವದು. ಕ್ರೇನಿನ ಮೇಲೇರಿದ ಕ್ಯಾಮರಾ ಮನೆಗಳ ಮಾಡಿನ ಮೇಲಿಂದ ಹಾಯ್ದು, ಆ ಕಾರನ್ನೂ, ನಡೆದು ಬರುವ ವರ್ಗಾಸ್ ದಂಪತಿಗಳನ್ನೂ ಹಿಂಬಾಲಿಸಿ, 3 ನಿಮಿಷಗಳಿಗೂ ಮೀರಿ ಒಂದೇ ಉಸಿರಿನಲ್ಲಿ ಗಡಿಯನ್ನು ದಾಟುವದು. ಸಂಸ್ಥೆಯವರು ಈ ದೃಶ್ಯದ ಮೇಲೆ ನಟರ ಹೆಸರುಗಳನ್ನು ಅಚ್ಚೊತ್ತಿ, ಹೆನ್ರಿ ಮಾನ್ಸಿನಿಯ ಸಂಗೀತವನ್ನು ಹೊದಿಸಿಬಿಟ್ಟಿದ್ದರು. ವೆಲ್ಸನು ಬೇಡಿದ್ದು ಬೇರೆ: ಬೀದಿಯ ಒಂದೊಂದು ಪಾನಗೃಹದಿಂದಲೂ ಒಂದೊಂದು ಹಾಡು ತೇಲಿ ಬರಬೇಕು, ಕಾರಿನ ರೇಡಿಯೋ ಸಮೀಪಿಸಿ ದೂರಾಗಬೇಕು. ಸುದೈವದಿಂದ ಹೆಸರುಗಳಿಲ್ಲದ ದೃಶ್ಯವೂ, ಮಾತು, ಸಂಗೀತ, ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿದ ಧ್ವನಿಪಟ್ಟಿಯೂ ಉಳಿದಿದ್ದವು. ಹೆಸರುಗಳು ಕೊನೆಗೆ ಸರಿದವು. ಈಗ ಆ ರೇಡಿಯೋ ಕೇಳಿಸಿತೆಂದರೆ ಬಾಂಬು ಹತ್ತಿರ ಬಂದಿತೆಂದು ಪ್ರೇಕ್ಷಕನ ಎದೆ ಡವಗುಟ್ಟುವದು.

ನಮಗಾದರೋ ಇದಕ್ಕಿಂತ ಒಂದು ಸಣ್ಣ ಮಾರ್ಪಾಡೇ ಹೆಚ್ಚಿನದಾಗಿ ತೋರುವದು. ಮೆಂಝೀಸ್ ಎಂಬವನು ಕ್ವಿನ್ಲನ್ನನ ಪ್ರಾಣಸ್ನೇಹಿತ, ಕೈಕೆಳಗಿನ ಪೋಲೀಸಿನವನು. ಒಡೆಯನ ಸುಳ್ಳು ಸಾಕ್ಷ್ಯಗಳ ದಾಖಲೆಯನ್ನು ವರ್ಗಾಸನು ತೋರಿಸಿದಾಗ ಮೆಂಝೀಸನ ಕುಸಿದ ಮೋರೆಯು ತೆರೆಯ ತುಂಬ ಒಮ್ಮೆ ಕಾಣುತ್ತಿತ್ತು. ಮಸೂರದ ದೋಷದಿಂದ ಮುಖ ವಿಕಾರವಾಗಿದೆ, ಇದನ್ನು ತೆಗೆಯಿರಿ ಎಂದು ವೆಲ್ಸನು ಬರೆದಿದ್ದನು. ಮರ್ಚನು ತೆಗೆದು ನೋಡಿದ ಮೇಲೆ ನಿಜವಾದ ಕಾರಣವು ಹೊಳೆಯಿತಂತೆ. ಆ ಮೋರೆಯಿಲ್ಲದಿದ್ದರೆ ಮೆಂಝೀಸನು ವರ್ಗಾಸನೆದುರು ಸೋತವನಲ್ಲ. ಮುಂದೆ ಸ್ನೇಹಿತನ ವಿರುದ್ಧ ನಿಲ್ಲುವಾಗ ಅನ್ಯರ ಕೈಗೊಂಬೆಯಾಗಿ ನಿಲ್ಲದೆ, ತನ್ನ ಅಂತಃಕರಣದ ನೋವಿನಿಂದಲೇ ನಿಲ್ಲುವನು. ಕೆಲವೇ ಕ್ಷಣಗಳ ಚಿತ್ರವೊಂದು ಹೋದದ್ದರಿಂದ ಒಬ್ಬ ಮನುಷ್ಯನ ಶೀಲವೇ ಬದಲಾಯಿತು. ಇಂಥ ಸೂಕ್ಷ್ಮವನ್ನು ಹೇಳಿದರೆ ಧಣಿಗಳು ಕೇಳಲಾರರೆಂದು ಮಸೂರದ ಮೇಲೆ ತಪ್ಪು ಹೊರಿಸಿದನೇನೋ! ದೊಡ್ಡ ಕಲಾವಿದನಿಗೂ ಗುಮಾಸ್ತನ ಜಾಣತನವು ಬೇಕಾಗುವದು.

ಇಲ್ಲಿಯೇ ನಾವು ಎಚ್ಚರಿಕೆಯ ಒಂದು ಮಾತನ್ನು ಆಡಬೇಕಾಗಿದೆ. 111 ನಿಮಿಷಗಳ ಈ ಹೊಸ ಪ್ರತಿಯನ್ನು 'ವೆಲ್ಸನ ಚಿತ್ರ' ಎಂದು ಕರೆಯುವದು ಸರಿಯಲ್ಲ. ಅರಿಕೆಯೆಂಬುದು ಚೌಕಾಶಿಯ ಕಾಗದ. ಕೊಟ್ಟಾರೆಂದು ತೋರಿದ್ದನ್ನು ಮಾತ್ರ ಅದರಲ್ಲಿ ಬೇಡುವದು ವಾಡಿಕೆ. ಅವನ ಕೈಗೇ ಚಿತ್ರವನ್ನು ಬಿಟ್ಟಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದುದರಿಂದ ಹೊಸದು ಬಂದಿತೆಂದು ಹಳೆಯದನ್ನು ಅಟ್ಟುವದು ಅನ್ಯಾಯವಾಗುವದು. 2000ದಲ್ಲಿ ಮನೆಗಳಿಗೆ ಬಂದ ಡಿವಿಡಿಯಲ್ಲಿ ಹೊಸ ಪ್ರತಿಯೊಂದೇ ಇದ್ದಿತು. 2008ರಲ್ಲಿ ಈ ಕೊರತೆ ನೀಗಿ ಮೂರೂ ಪ್ರತಿಗಳು ಒಂದೇ ಪೆಟ್ಟಿಗೆಯಲ್ಲಿ ಬಂದವು. 2011ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಬ್ಲೂ-ರೇಯಲ್ಲಂತೂ 1958ರ ಹಾಗೂ 1998ರ ಪ್ರತಿಗಳನ್ನು ಅಗಲ ಚೌಕಟ್ಟಿನಲ್ಲಿಯೂ, ಹಳೆಯ ಕಿರಿದಾದ ಚೌಕಟ್ಟಿನಲ್ಲಿಯೂ ಕೊಟ್ಟರು. ಯಾವ ಆಕಾರ ಸರಿಯೆಂಬ ಪಂಡಿತರ ಜಗಳಕ್ಕೆ ಇದಕ್ಕಿಂತ ಒಳ್ಳೆಯ ತೀರ್ಪಿಲ್ಲ.

ಮನೆಯ ತೆರೆಗಾಗಿ ಚಿತ್ರವನ್ನು ಶುದ್ಧಗೊಳಿಸುವದರಲ್ಲಿ ಬೇರೊಂದು ಅಪಾಯವುಂಟು. ಸೆಕೆಂಡಿಗೆ 24ರಂತೆ 111 ನಿಮಿಷಗಳಲ್ಲಿ ಸುಮಾರು 1,60,000 ಬಿಡಿಚಿತ್ರಗಳಾಗುವವು. ಧೂಳನ್ನೂ ಗೀರುಗಳನ್ನೂ ಅಳಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಂಡರೆ, ಅದು ಮಳೆಹನಿಯನ್ನು ಗೀರೆಂದೂ, ಫಿಲ್ಮಿನ ಸಹಜವಾದ ಕಣಗಳನ್ನು ಕೊಳೆಯೆಂದೂ ಬಗೆದು ಒರಸಿಬಿಡುವದು. ಮುಖಗಳು ಮೇಣದ ಬೊಂಬೆಗಳಂತಾಗುವವು. ಮಬ್ಬಾಯಿತೆಂದು ಬೆಳಕನ್ನು ಹೆಚ್ಚಿಸಿದರಂತೂ, ಛಾಯಾಗ್ರಾಹಕ ರಸೆಲ್ ಮೆಟ್ಟಿಯು ಕತ್ತಲೆಯಲ್ಲಿ ಬೇಕೆಂದೇ ಅಡಗಿಸಿದ್ದೆಲ್ಲ ಬಯಲಾಗುವದು.

ಕಡೆಗೆ ಒಂದು ತಪ್ಪೊಪ್ಪಿಗೆ. 1998ರ ಆರಂಭವೇ ನ್ಯಾಯವಾದದ್ದೆಂದು ನಾವು ಒಪ್ಪಿದ್ದೇವೆ. ಆದರೂ ಹಳೆಯ ಪ್ರತಿಯಲ್ಲಿ ಬಾಂಬಿನ ಟಿಕ್‌ಟಿಕ್ಕಿನ ಬೆನ್ನಿಗೆ ಏಳುವ ಮಾನ್ಸಿನಿಯ ತುತೂರಿ ಮತ್ತು ಬೋಂಗೋ ಬಡಿತಗಳು ಕಿವಿಯಿಂದ ಹೋಗಲೊಲ್ಲವು; ಹೊಸ ಪ್ರತಿಯನ್ನು ನೋಡಿ ಮುಗಿಸಿದ ರಾತ್ರಿಯೂ ಆ 3 ನಿಮಿಷಗಳಿಗಾಗಿ ಪೆಟ್ಟಿಗೆಯಿಂದ ಹಳೆಯದನ್ನು ಹೊರತೆಗೆಯುವೆವು.