ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ

ನಮ್ಮದು ಸಿರುಗುಪ್ಪ ತಾಲ್ಲೂಕು, ಕಾಲುವೆ ಕೆಳಗಿನ ಎರೆ ಹೊಲ, ಭತ್ತದ ಬೇಸಾಯ. ಅಪ್ಪ 1994ರಲ್ಲಿ ಭತ್ತ ಮಾರಿದ ದುಡ್ಡಿನಲ್ಲಿ ಡೀಸೆಲ್ ಅಂಬಾಸಿಡರ್ ತಂದರು. ಓಣಿಯ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ಬಳ್ಳಾರಿಗೆ ಹೋಗಿದ್ದು ಅದರಲ್ಲೇ. ಬಾಡಿಗೆ ಕೇಳಿದವರಲ್ಲ ಅಪ್ಪ.

2023ರ ಜೂನ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಆ ವರ್ಷ ಮಳೆಯೂ ಕೈಕೊಟ್ಟಿತು, ನಮ್ಮ ಹೊಲಕ್ಕೆ ಎರಡನೇ ಬೆಳೆಗೆ ನೀರು ಬರಲಿಲ್ಲ. ಆಸ್ಪತ್ರೆ, ಸಾಲ, ಹೊಲ ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಕಾರು ಹುಲ್ಲಿನ ಬಣವೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತದ್ದು ನಿಂತೇ ಬಿಟ್ಟಿತು. ಮರುವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಯಾರಿಗೂ ನಿದ್ದೆ ಇಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಬೆಳೆ ಉಳಿಯಿತು. ಸುಗ್ಗಿ ಮುಗಿದ ಮೇಲೆ ಡಿಸೆಂಬರಿನಲ್ಲಿ ಶೆಡ್ಡಿನ ಬಾಗಿಲು ತೆಗೆದೆ. ಹದಿನೆಂಟು ತಿಂಗಳಾಗಿತ್ತು.

ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಹುಲ್ಲಿನ ಗೂಡು, ಅದರಲ್ಲಿ ಇಲಿ ಮರಿ. ವೈರು ಕಡಿದಿದ್ದವು. ಗುಜರಿಯವನು ತೂಕದ ಲೆಕ್ಕ ಹೇಳಿದ. ಒಳಗಿನಿಂದ ಅಪ್ಪ ತೊದಲುತ್ತಲೇ "ಮಾರಬ್ಯಾಡ" ಅಂದರು. ಅಷ್ಟು ಹೇಳಲಿಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದು ನನಗೇ ಗೊತ್ತು.

ಮೊದಲು ನಿಲ್ಲೋದು, ಆಮೇಲೆ ಓಡೋದು

ಕುರುಗೋಡಿನ ನಮ್ಮ ಸೋದರಮಾವ ಟ್ರ್ಯಾಕ್ಟರ್ ರಿಪೇರಿಯಲ್ಲೇ ತಲೆ ಹಣ್ಣಾದವರು. ನಾನು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಹೊರಟಿದ್ದೆ. ಮಾವ ಕೈ ಹಿಡಿದರು. "ಅಳಿಯಾ, ಮೊದಲು ಅದಕ್ಕೆ ನಿಲ್ಲೋದು ಕಲಸು. ಓಡೋದು ಆಮೇಲೆ ನೋಡಾಣ."

ಬಹಳ ದಿನ ನಿಂತ ಗಾಡಿಯನ್ನು ಬಿಚ್ಚುವ ಕ್ರಮ ಅವರಿಂದಲೇ ಕಲಿತೆ:

1. ಇಲಿ ಗೂಡು ತೆಗೆದು, ಕಡಿದ ವೈರು ಸರಿಮಾಡುವ ತನಕ ಬ್ಯಾಟರಿ ಜೋಡಿಸಬಾರದು. ವೈರು ತಾಗಿಕೊಂಡರೆ ಬೆಂಕಿ.

2. ಬ್ರೇಕು. ನಾನು ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟಿದ್ದೆ. ಹಿಂದಿನ ಡ್ರಮ್ಮುಗಳು ಕಚ್ಚಿಕೊಂಡಿದ್ದವು. ಡ್ರಮ್ಮು ಬಿಚ್ಚಿಸಿ, ವೀಲ್ ಸಿಲಿಂಡರಿನ ರಬ್ಬರು ಬದಲಿಸಿದೆವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರಾ ಬದಲಿಸಬೇಕು.

3. ಎಂಜಿನ್ ಆಯಿಲ್ ಮತ್ತು ಡೀಸೆಲ್. ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ಹಳೆ ಡೀಸೆಲ್ ಇಳಿಸಿ, ಫಿಲ್ಟರ್ ಬದಲಿಸಿ, ಏರ್ ತೆಗೆಯಬೇಕು. ಟ್ರ್ಯಾಕ್ಟರ್ ಇಟ್ಟವರಿಗೆ ಇದು ಹೊಸದಲ್ಲ.

4. ಸೆಲ್ಫ್ ಹೊಡೆಯುವ ಮೊದಲು ಎಂಜಿನ್ ಸಲೀಸಾಗಿ ತಿರುಗುತ್ತದೋ ನೋಡಬೇಕು. ಸ್ಟಾಪ್ ಎಳೆದು, ನಾಲ್ಕನೇ ಗೇರಿಗೆ ಹಾಕಿ, ಇಬ್ಬರು ಮೆಲ್ಲಗೆ ತಳ್ಳಿದರೆ ಸಾಕು. ಕಚ್ಚಿಕೊಂಡಿದ್ದರೆ ಒತ್ತಾಯ ಬೇಡ, ಮೆಕ್ಯಾನಿಕ್ ಕರೆಸಿ.

5. ಟೈರು. ಹೂವು ಚೆನ್ನಾಗಿದೆ ಎಂದು ಮೋಸಹೋಗಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2315 ಎಂದಿದ್ದರೆ 2015ರ 23ನೇ ವಾರದ ಟೈರು. ನಿಂತಲ್ಲೇ ರಬ್ಬರು ಸೀಳುತ್ತದೆ. ನಾಲ್ಕನ್ನೂ ಬದಲಿಸಲೇಬೇಕಾಯಿತು.

ಬಣ್ಣ, ಸೀಟು, ಬಾಗಿಲ ತುಕ್ಕು ಎಲ್ಲವನ್ನೂ ಮುಂದಿನ ಸುಗ್ಗಿಗೆ ಬಿಟ್ಟೆವು. ಕಷ್ಟದ ಕಾಲದಲ್ಲಿ ಈ ಗೆರೆ ಎಳೆದುಕೊಳ್ಳುವುದೇ ಮುಖ್ಯ. ಜೀವ ಕಾಯುವ ಕೆಲಸಕ್ಕೆ ಸಾಲವಾದರೂ ಸರಿ, ಅಂದಕ್ಕೆ ಒಂದು ಪೈಸೆಯೂ ಬೇಡ.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಿಗೇ ನಿಂತಿದೆ. ಆದರೂ ಹಳೆ ಸಾಮಾನು ಬಳ್ಳಾರಿಯಲ್ಲಿ ಹುಡುಕಿದರೆ ಸಿಕ್ಕಿತು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಬಾಯಿಮಾತಿನಲ್ಲಿ ಹೇಳಿದರೆ ಬೇರೆಯದೇ ಬರುತ್ತದೆ.

ಮಾಡಬೇಕಾಗಿದ್ದು ಇಷ್ಟೇ

ಇಷ್ಟೆಲ್ಲ ಖರ್ಚು ತಪ್ಪಿಸಲು ಹದಿನೈದು ದಿನಕ್ಕೊಮ್ಮೆ ಒಂದು ತಾಸು ಸಾಕಿತ್ತು. ಮನೆಯಲ್ಲಿ ಕಾಯಿಲೆ ಇದ್ದಾಗ ಆ ಒಂದು ತಾಸೂ ನೆನಪಾಗುವುದಿಲ್ಲ. ಅದಕ್ಕೇ ಈ ಕೆಲಸವನ್ನು ಮನೆಯ ಹುಡುಗರಿಗೋ ಅಣ್ಣತಮ್ಮಂದಿರಿಗೋ ಹೇಳಿಬಿಡಿ.

- ಹದಿನೈದು ದಿನಕ್ಕೊಮ್ಮೆ ಎಂಟು ಹತ್ತು ಕಿ.ಮೀ. ಓಡಿಸಿ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಬ್ಯಾಟರಿ ಖರ್ಚಾಗುತ್ತದೆ, ತುಂಬುವುದಿಲ್ಲ.
- ಓಡಿಸಲು ಆಗದಿದ್ದರೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಆಗಲೂ ಬ್ಯಾಟರಿ ತಾನಾಗಿ ಇಳಿಯುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಮೀಟರಿನಲ್ಲಿ 12.4 ವೋಲ್ಟಿಗಿಂತ ಇಳಿಯಬಾರದು. ನಮ್ಮ ಬಳ್ಳಾರಿ ಬಿಸಿಲಿಗೆ ಬ್ಯಾಟರಿ ನೀರೂ ಬೇಗ ಆರುತ್ತದೆ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.
- ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.
- ಡೀಸೆಲ್ ಗಾಡಿಯಾದರೆ ಟ್ಯಾಂಕು ತುಂಬಿಸಿಡಿ. ಹಳೆ ಪೆಟ್ರೋಲ್ ಗಾಡಿಯಾದರೆ ಇನ್ನೂ ಎಚ್ಚರ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ನೀರು ಹೀರುತ್ತದೆ, ಹಳೆ ರಬ್ಬರ್ ಪೈಪು ತಿನ್ನುತ್ತದೆ. ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.
- ರೇಡಿಯೇಟರಿಗೆ ಬೋರಿನ ಉಪ್ಪುನೀರು ಬೇಡ, ಒಳಗೆ ಹಳಕು ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಸೇರಿಸಿ ಹಾಕಿ.
- ಎರೆಮಣ್ಣು ಗಾಡಿಯ ತಳಕ್ಕೆ ಮೆತ್ತಿದರೆ ತಿಂಗಳಾನುಗಟ್ಟಲೆ ತೇವ ಹಿಡಿದಿಡುತ್ತದೆ. ತಗಡು ತಿನ್ನುವುದು ಅಲ್ಲಿಂದಲೇ. ನಿಲ್ಲಿಸುವ ಮೊದಲು ಕೆಳಗಿನಿಂದ ತೊಳೆದು ಒಣಗಿಸಿ.
- ಹುಲ್ಲು, ಭತ್ತದ ಚೀಲ ಗಾಡಿಯ ಹತ್ತಿರ ಇಡಬೇಡಿ. ಬಾನೆಟ್ ಎತ್ತಿಟ್ಟರೆ ಕತ್ತಲು ಸಿಗದೆ ಇಲಿ ಕೂರುವುದು ಕಡಿಮೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದರೆ ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿ, ಇಲ್ಲವಾದರೆ ಮರೆಯುತ್ತೀರಿ.

ಕಾಗದಪತ್ರ

ಗಾಡಿ ಸಿದ್ಧವಾಯಿತೆಂದು ರಸ್ತೆಗಿಳಿಸಬೇಡಿ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ತಪ್ಪು. ಅಪಘಾತವಾದರೆ ಹೊಲ ಮಾರಬೇಕಾದೀತು. ಸ್ವಂತ ಕಾರಿನ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10 ಸಾವಿರಕ್ಕೆ ಏರಿಸಿದ್ದಾರೆ. ಗಾಡಿ ಉಳಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಹಾಗಾದರೆ ಹಳೆ ಕಾರು ಉಳಿಸಿಕೊಳ್ಳುವುದು ಲಾಭವೇ? ಬರೀ ರೂಪಾಯಿ ಲೆಕ್ಕದಲ್ಲಿ ಎಲ್ಲರಿಗೂ ಅಲ್ಲ. ತಳದ ತಗಡು, ಚಾಸಿ ತಿಂದುಹೋಗಿದ್ದರೆ ಪ್ರೀತಿಗೆ ಕಟ್ಟುಬಿದ್ದು ದುಡ್ಡು ಸುರಿಯಬೇಡಿ. ನಮ್ಮದರ ತಳ ಗಟ್ಟಿ ಇತ್ತು. ಜೊತೆಗೆ ಅಪ್ಪನನ್ನು ತಿಂಗಳಿಗೆರಡು ಸಲ ಬಳ್ಳಾರಿಗೆ ಕರೆದೊಯ್ಯಲು ಕೊಡುತ್ತಿದ್ದ ಬಾಡಿಗೆಯೂ ಉಳಿಯಿತು. ಅಗಲ ಬಾಗಿಲು, ಎತ್ತರದ ಸೀಟು. ಕಾಲು ಸ್ವಾಧೀನವಿಲ್ಲದವರನ್ನು ಕೂಡಿಸಲು ಬೇರೆ ಕಾರಿಗಿಂತ ಇದೇ ಸಲೀಸು.

ಮೊದಲ ದಿನ ಕುರುಗೋಡಿನ ತನಕ ಮಾತ್ರ ಹೋದೆವು, ಮಾವನಿಗೆ ತೋರಿಸಿ ಬರಲು. ಅಪ್ಪ ಎಡಗಡೆ ಸೀಟಿನಲ್ಲಿದ್ದರು. ದಾರಿಯಲ್ಲಿ ಎಮ್ಮೆ ಅಡ್ಡ ಬಂತು, ಬ್ರೇಕು ಒತ್ತಿದೆ, ಗಾಡಿ ನೆಟ್ಟಗೆ ನಿಂತಿತು. ಅಪ್ಪ ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಅವರೇ ನೆನಪು ಮಾಡುತ್ತಾರೆ, ಕೀಲಿಕೈ ತೋರಿಸಿ.