ಅನುದಾನ ಇಳಿದ ವರ್ಷದಲ್ಲಿ ಕಾಲೇಜು ವಿದ್ಯಾರ್ಥಿಗಳು ಓದು ಬಿಡದಂತೆ ನೋಡಿಕೊಳ್ಳುವುದು: ಗ್ರಾಮ ಪಂಚಾಯತಿ ಸದಸ್ಯರಿಗೆ ವಿವರಣೆ

ಪ್ರೌಢಶಾಲೆಯ ಮಗುವೊಂದು ಶಾಲೆಗೆ ಬಾರದಿದ್ದರೆ ಶಿಕ್ಷಕರು ಮನೆಗೆ ಬಂದು ವಿಚಾರಿಸುತ್ತಾರೆ. ಪದವಿ, ಡಿಪ್ಲೊಮಾ ಅಥವಾ ಐಟಿಐ ಓದುತ್ತಿರುವ ಯುವಕ ಯುವತಿಯರು ಮಧ್ಯದಲ್ಲಿ ಓದು ನಿಲ್ಲಿಸಿದರೆ ಹಾಗೆ ವಿಚಾರಿಸುವವರು ವಿರಳ. ಕಾಲೇಜಿನ ಹಾಜರಾತಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರಿ ದಾಖಲಾಗುತ್ತದೆ, ಮುಂದಿನ ಸೆಮಿಸ್ಟರ್‌ನಲ್ಲಿ ಆ ಹೆಸರೇ ಇರುವುದಿಲ್ಲ. ಊರಿನಲ್ಲಿ ಮಾತ್ರ ಈ ಸಂಗತಿ ಮೊದಲ ವಾರವೇ ತಿಳಿದಿರುತ್ತದೆ. ಹುಡುಗ ಗಾರೆ ಕೆಲಸಕ್ಕೆ ಹೋಗುತ್ತಿರುವುದನ್ನೂ ಹುಡುಗಿಗೆ ಗಂಡು ನೋಡುತ್ತಿರುವುದನ್ನೂ ವಾರ್ಡಿನ ಸದಸ್ಯರು ಪ್ರಾಂಶುಪಾಲರಿಗಿಂತ ಮೊದಲೇ ಅರಿತಿರುತ್ತಾರೆ. ಆದುದರಿಂದ ವಿದ್ಯಾರ್ಥಿವೇತನಗಳು ಕಡಿಮೆಯಾದ ಅಥವಾ ತಡವಾದ ವರ್ಷಗಳಲ್ಲಿ ಸಕಾಲಕ್ಕೆ ಸಲಹೆ ನೀಡುವ ಅವಕಾಶ ಹೆಚ್ಚಾಗಿ ಗ್ರಾಮ ಪಂಚಾಯತಿ ಸದಸ್ಯರಿಗೇ ಒದಗಿಬರುತ್ತದೆ. ಆ ಸಲಹೆ ಸರಿಯಾಗಿರಬೇಕಾದರೆ ಹಣದ ಹರಿವು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

1. "ಸ್ಕಾಲರ್‌ಶಿಪ್ ನಿಂತಿದೆ" ಎಂಬ ಮಾತಿನ ನಾಲ್ಕು ಅರ್ಥಗಳು

ಗ್ರಾಮಗಳಲ್ಲಿ ಈ ಒಂದೇ ಮಾತನ್ನು ನಾಲ್ಕು ಬೇರೆ ಬೇರೆ ಸ್ಥಿತಿಗಳಿಗೆ ಬಳಸಲಾಗುತ್ತದೆ. ಒಂದೊಂದಕ್ಕೂ ಪರಿಹಾರ ಬೇರೆ.

ಅ) ಯೋಜನೆಯೇ ಬದಲಾಗಿರುವುದು. ಉದಾಹರಣೆಗೆ, ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಕೇಂದ್ರ ಸರ್ಕಾರ ನೀಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ನೇ ಸಾಲಿನಿಂದ 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅದೇ ಸಾಲಿನಿಂದ ನಿಂತಿತು. ಇಂತಹ ಸಂದರ್ಭದಲ್ಲಿ ಹಳೆಯ ಯೋಜನೆಗಾಗಿ ಕಾಯುವುದರಲ್ಲಿ ಪ್ರಯೋಜನವಿಲ್ಲ. ವಿದ್ಯಾರ್ಥಿ ಕೂಡಲೇ ಬೇರೆ ಯೋಜನೆಯನ್ನು ಹುಡುಕಬೇಕು.

ಆ) ಮೊತ್ತ ಇಳಿದಿರುವುದು. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ಕಾರ್ಮಿಕರ ಮಕ್ಕಳಿಗೆ ನೀಡುವ ಶೈಕ್ಷಣಿಕ ಸಹಾಯಧನದ ದರಗಳನ್ನು 2023ರಲ್ಲಿ ಇಳಿಸಲಾಯಿತು. ಹಿಂದಿನ ವರ್ಷ ಅಕ್ಕನಿಗೆ ಬಂದ ಮೊತ್ತವೇ ಈ ವರ್ಷ ತಮ್ಮನಿಗೂ ಬರುವುದೆಂದು ನಂಬಿ ಖಾಸಗಿ ಕಾಲೇಜಿಗೆ ಸೇರಿಸಿದ ಕುಟುಂಬ ಇಲ್ಲಿ ಸಂಕಷ್ಟಕ್ಕೆ ಸಿಲುಕುತ್ತದೆ. ಪ್ರವೇಶಕ್ಕೆ ಮುನ್ನವೇ ಆ ವರ್ಷದ ಆದೇಶವನ್ನು ನೋಡುವುದು ಇದಕ್ಕಿರುವ ಪರಿಹಾರ.

ಇ) ಮಂಜೂರಾಗಿದ್ದರೂ ಬಿಡುಗಡೆ ತಡವಾಗಿರುವುದು. ಇಲ್ಲಿ ಹಣ ಬರುವುದು ನಿಶ್ಚಿತ, ಬರುವ ದಿನ ಅನಿಶ್ಚಿತ. ವಿದ್ಯಾರ್ಥಿಗೆ ಬೇಕಾಗಿರುವುದು ಕಾಲಾವಕಾಶ.

ಈ) ಅರ್ಜಿಯಲ್ಲಿ ಅಥವಾ ಬ್ಯಾಂಕ್ ಖಾತೆಯಲ್ಲಿ ದೋಷವಿರುವುದು. ಇದಕ್ಕೂ ಸರ್ಕಾರದ ಅನುದಾನಕ್ಕೂ ಸಂಬಂಧವಿಲ್ಲ. ಆದರೆ ಅನುದಾನ ಕಡಿಮೆ ಎಂಬ ಸುದ್ದಿ ಹರಡಿರುವಾಗ ಈ ದೋಷವನ್ನು ಯಾರೂ ಹುಡುಕುವುದಿಲ್ಲ. "ಎಲ್ಲರಿಗೂ ಬಂದಿಲ್ಲ" ಎಂದುಕೊಂಡು ವಿದ್ಯಾರ್ಥಿ ಸುಮ್ಮನಾಗುತ್ತಾನೆ. ವರ್ಷ ಮುಗಿದ ಮೇಲೆ ತಿದ್ದುಪಡಿಗೆ ಅವಕಾಶವೂ ಇರುವುದಿಲ್ಲ.

ಯಾರಾದರೂ ಸ್ಕಾಲರ್‌ಶಿಪ್ ಬಂದಿಲ್ಲವೆಂದು ಹೇಳಿದಾಗ ಸದಸ್ಯರು ಮೊದಲು ಕೇಳಬೇಕಾದುದು ಅರ್ಜಿ ಸಂಖ್ಯೆಯನ್ನು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಿದರೆ ಮೇಲಿನ ನಾಲ್ಕರಲ್ಲಿ ಯಾವುದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

2. ಹಣ ಎರಡು ಕಂತುಗಳಲ್ಲಿ ಬರುವುದೇಕೆ?

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಉದಾಹರಣೆಯಾಗಿ ನೋಡಬಹುದು. ಹಿಂದಿನ ಪದ್ಧತಿಯಲ್ಲಿ, ಒಂದು ಯೋಜನಾ ಅವಧಿಯ ಕೊನೆಯ ವರ್ಷದಲ್ಲಿ ಆದ ಖರ್ಚಿನಷ್ಟು ಮೊತ್ತ ಮುಂದಿನ ಅವಧಿಯಲ್ಲಿ ರಾಜ್ಯದ ಹೊಣೆಯಾಗುತ್ತಿತ್ತು. ಅದನ್ನು ಮೀರಿದ ಖರ್ಚನ್ನು ಮಾತ್ರ ಕೇಂದ್ರ ಭರಿಸುತ್ತಿತ್ತು. ಅವಧಿ ಬದಲಾದಂತೆಲ್ಲ ರಾಜ್ಯಗಳ ಹೊರೆ ಒಮ್ಮೆಗೇ ಏರಿ ಪಾವತಿಗಳು ತಡವಾದವು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಈ ಪದ್ಧತಿಯನ್ನು ಕೈಬಿಟ್ಟು, ಕೇಂದ್ರ ಶೇ 60 ಹಾಗೂ ರಾಜ್ಯ ಶೇ 40 ಎಂಬ ಹಂಚಿಕೆಯನ್ನು ಒಪ್ಪಿತು. ಐದು ವರ್ಷಗಳಿಗೆ ನಿಗದಿಯಾದ ಒಟ್ಟು ರೂ. 59,048 ಕೋಟಿಯಲ್ಲಿ ಕೇಂದ್ರದ ಪಾಲು ರೂ. 35,534 ಕೋಟಿ.

ಈ ಪದ್ಧತಿಯಲ್ಲಿ ರಾಜ್ಯವು ಅರ್ಜಿಯನ್ನು ಪರಿಶೀಲಿಸಿ ಮೊದಲು ತನ್ನ ಪಾಲನ್ನು ಪಾವತಿಸುತ್ತದೆ. ಆನಂತರ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ. ಇದರಿಂದ ಗ್ರಾಮದ ಮಟ್ಟದಲ್ಲಿ ಎರಡು ಪರಿಣಾಮಗಳಿವೆ. ಒಂದು, ಸಣ್ಣ ಮೊತ್ತ ಬಂದ ಕೂಡಲೇ "ಇಷ್ಟೇ ಬಂದಿತು, ಉಳಿದುದು ಕಡಿತವಾಯಿತು" ಎಂದು ಭಾವಿಸಬಾರದು. ಅದು ಮೊದಲ ಕಂತಾಗಿರಬಹುದು. ಎರಡು, ಕಾಲೇಜಿನ ಶುಲ್ಕದ ಭಾಗವೂ ವಿದ್ಯಾರ್ಥಿಯ ಖಾತೆಗೇ ಬರುವುದರಿಂದ, ಅದು ಬಿತ್ತನೆ ಬೀಜಕ್ಕೋ ಕೈಸಾಲಕ್ಕೋ ಖರ್ಚಾದರೆ ಪರೀಕ್ಷೆಯ ಸಮಯದಲ್ಲಿ ಶುಲ್ಕ ಬಾಕಿ ಉಳಿಯುತ್ತದೆ. ಹಣ ಬಂದ ದಿನವೇ ಶುಲ್ಕದ ಭಾಗವನ್ನು ಕಾಲೇಜಿಗೆ ಕಟ್ಟಿ ರಸೀದಿ ಪಡೆಯುವಂತೆ ಪೋಷಕರಿಗೆ ತಿಳಿಸುವುದು ಸದಸ್ಯರು ನೀಡಬಹುದಾದ ಬಹು ಉಪಯುಕ್ತ ಸಲಹೆ. ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ ರೂ. 2.5 ಲಕ್ಷ ಎಂಬುದನ್ನೂ ನೆನಪಿಡಬೇಕು.

3. ಕೊಂಡಿ ಕಳಚುವ ಸ್ಥಳಗಳು

ಅರ್ಜಿಯು ವಿದ್ಯಾರ್ಥಿಯಿಂದ ಕಾಲೇಜಿಗೆ, ಕಾಲೇಜಿನಿಂದ ಇಲಾಖೆಗೆ, ಇಲಾಖೆಯಿಂದ ಖಜಾನೆಗೆ, ಅಲ್ಲಿಂದ ಬ್ಯಾಂಕಿಗೆ ಸಾಗುತ್ತದೆ. ಯಾವುದೇ ಒಂದು ಕೊಂಡಿ ಕಳಚಿದರೂ ಹಣ ತಲುಪುವುದಿಲ್ಲ. ವಿದ್ಯಾರ್ಥಿಯ ಕೈಯಲ್ಲೇ ಸರಿಪಡಿಸಬಹುದಾದ ಕೊಂಡಿಗಳು ಇವು:

• ಆಧಾರ್ ಜೋಡಣೆ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಡುವುದು ಬೇರೆ, ಆ ಖಾತೆಯನ್ನು ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಜೋಡಿಸುವುದು ಬೇರೆ. ನೇರ ನಗದು ವರ್ಗಾವಣೆಗೆ ಎರಡನೆಯದು ಬೇಕು. ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ನೀಡಿ ಇದನ್ನು ಮಾಡಿಸಬೇಕು. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ. ಬಂದಿಲ್ಲವೆಂದು ದೂರಿದ ಹಣ ಬೇರೊಂದು ಖಾತೆಯಲ್ಲಿ ಬಿದ್ದಿರುವ ಪ್ರಸಂಗಗಳು ಅಪರೂಪವಲ್ಲ.

• ನಿಷ್ಕ್ರಿಯ ಖಾತೆ. ಬಹುಕಾಲ ವ್ಯವಹಾರವಿಲ್ಲದ ಖಾತೆ, ಅಥವಾ ಬಾಲ್ಯದಲ್ಲಿ ತೆರೆದು 18 ವರ್ಷ ತುಂಬಿದ ಮೇಲೂ ಪರಿವರ್ತಿಸದ ಖಾತೆಗೆ ಜಮೆ ವಿಫಲವಾಗಬಹುದು.

• ಹೆಸರಿನ ವ್ಯತ್ಯಾಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ ಇದ್ದರೆ ಪೋರ್ಟಲ್ ತಡೆಯುತ್ತದೆ. ಆಧಾರ್ ತಿದ್ದುಪಡಿಗೆ ದಿನಗಳು ಬೇಕಾಗುವುದರಿಂದ ಇದನ್ನು ಬೇಸಿಗೆ ರಜೆಯಲ್ಲಿಯೇ ಮುಗಿಸಬೇಕು.

• ಜಾತಿ ಮತ್ತು ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಮಾನ್ಯತೆ. ಪ್ರಥಮ ಪಿಯುಸಿಯಲ್ಲಿ ಪಡೆದ ಪತ್ರದ ಅವಧಿ ಪದವಿಯ ಅಂತಿಮ ವರ್ಷದ ಹೊತ್ತಿಗೆ ಮುಗಿಯುತ್ತದೆ. ಆರ್.ಡಿ. ಸಂಖ್ಯೆಯನ್ನು ಮೊದಲೇ ಪರಿಶೀಲಿಸಿ ನಾಡಕಚೇರಿಯಲ್ಲಿ ಹೊಸದನ್ನು ಪಡೆಯಬೇಕು.

• ಫ್ರೂಟ್ಸ್ ಸಂಖ್ಯೆ. ರೈತ ಕುಟುಂಬಗಳ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿಯಂತಹ ಯೋಜನೆಗೆ ಪೋಷಕರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿತರಾಗಿರಬೇಕು. ತಾತನ ಹೆಸರಿನಲ್ಲೇ ಪಹಣಿ ಉಳಿದಿರುವ ಕುಟುಂಬಗಳು ಪೌತಿ ಖಾತೆಯನ್ನು ಮುಂದೂಡುವುದರಿಂದ ಮಕ್ಕಳ ಓದಿಗೂ ನಷ್ಟವಾಗುತ್ತದೆ.

4. ಪಾಠವೇ ಕಡಿಮೆಯಾದಾಗ

ಹಣದ ಕೊರತೆ ವಿದ್ಯಾರ್ಥಿಯ ಖಾತೆಗೆ ಮಾತ್ರ ಸೀಮಿತವಲ್ಲ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುಭಾಗ ಅತಿಥಿ ಉಪನ್ಯಾಸಕರನ್ನು ಅವಲಂಬಿಸಿದೆ. ಅವರ ನೇಮಕ ತಡವಾದ ಅಥವಾ ಅವರು ಮುಷ್ಕರ ಹೂಡಿದ ಅವಧಿಗಳಲ್ಲಿ, 2021-22 ಮತ್ತು 2023ರಲ್ಲಿ ಆದಂತೆ, ತರಗತಿಗಳು ನಡೆಯದೆ ವಿದ್ಯಾರ್ಥಿಗಳು ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಮರಳಿದರು. "ಪಾಠವೇ ಇಲ್ಲದಿದ್ದರೆ ಹೋಗಿ ಏನು ಮಾಡುವುದು" ಎಂಬ ಪ್ರಶ್ನೆ ಇಂತಹ ತಿಂಗಳುಗಳಲ್ಲಿ ಮನೆಯಲ್ಲಿ ಹುಟ್ಟುತ್ತದೆ. ಓದು ನಿಲ್ಲುವುದು ಅನೇಕ ವೇಳೆ ಇಲ್ಲಿಂದಲೇ.

ಇದಕ್ಕೆ ಉತ್ತರವಾಗಿ ವಿದ್ಯಾರ್ಥಿಗಳಿಗೆ ಹೇಳಬಹುದಾದುದು ಇಷ್ಟು: ಯಾವ ಪತ್ರಿಕೆಗೆ ಬೋಧಕರಿಲ್ಲವೆಂಬುದನ್ನು ಬರೆದು ಪ್ರಾಂಶುಪಾಲರಿಗೆ ಕೊಡಬೇಕು. ಒಂದೇ ಊರಿನ ವಿದ್ಯಾರ್ಥಿಗಳು ಒಟ್ಟಾಗಿ ಕುಳಿತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಬೇಕು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ಜಾಲತಾಣದಲ್ಲಿ ಅನೇಕ ವಿಷಯಗಳ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಹಾಜರಾತಿಯನ್ನು ಮಾತ್ರ ಬಿಡಬಾರದು, ಏಕೆಂದರೆ ಪರೀಕ್ಷೆಗೆ ಕೂರುವ ಅರ್ಹತೆಯೂ ಮರುವರ್ಷದ ವಿದ್ಯಾರ್ಥಿವೇತನವೂ ಅದನ್ನು ಆಧರಿಸಿವೆ.

ಇಲ್ಲಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರ ನೆರವಿಗೆ ಬರುತ್ತದೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ನಂತರ ಅನೇಕ ಕಡೆ ಗಣಕಯಂತ್ರ ಮತ್ತು ಅಂತರ್ಜಾಲ ಒದಗಿವೆ. ಕಾಲೇಜಿನಿಂದ ಮರಳುವ ಕೊನೆಯ ಬಸ್ಸಿನ ನಂತರವೂ ಒಂದೆರಡು ಗಂಟೆ ತೆರೆದಿರುವಂತೆ ವೇಳೆಯನ್ನು ಹೊಂದಿಸಿದರೆ ಪಂಚಾಯತಿಗೆ ಹೆಚ್ಚಿನ ಖರ್ಚಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲದ ವಿದ್ಯಾರ್ಥಿಗೆ ಅದೇ ಕಾಲೇಜಿನ ಮುಂದುವರಿಕೆಯಾಗುತ್ತದೆ.

5. ಓದು ಬಿಡಲು ಹೊರಟವರಿಗೆ ಹೇಳಬೇಕಾದುದು

ಮೊದಲನೆಯದಾಗಿ, ವರ್ಗಾವಣೆ ಪತ್ರವನ್ನು ಆತುರದಿಂದ ಪಡೆಯಬಾರದು. ಶುಲ್ಕ ಕಟ್ಟಲಾಗದಿದ್ದರೆ ವಿದ್ಯಾರ್ಥಿವೇತನದ ಅರ್ಜಿಯ ಪ್ರತಿಯೊಂದಿಗೆ ಕಂತು ಅಥವಾ ಕಾಲಾವಕಾಶ ಕೋರಿ ಪ್ರಾಂಶುಪಾಲರಿಗೆ ಲಿಖಿತ ಮನವಿ ನೀಡಬೇಕು. ಬಾಯಿಮಾತಿನ ಕೋರಿಕೆಗೆ ದಾಖಲೆ ಇರುವುದಿಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ತಮ್ಮಲ್ಲಿ ಇರಿಸಿಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿಯೇ ಸೂಚಿಸಿದೆ.

ಎರಡನೆಯದಾಗಿ, ಬೇರೆ ಬಾಗಿಲುಗಳನ್ನು ತಟ್ಟಬೇಕು. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ ರೂ. 50,000 ಇದೆ. ಕುಟುಂಬದ ಆದಾಯ ರೂ. 8 ಲಕ್ಷ ಮೀರಿರಬಾರದು, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶವಿದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್ ಯೋಜನೆಯಿದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಪ್ರತಿಯೊಂದಕ್ಕೂ ಆಯಾ ವರ್ಷದ ಅಧಿಸೂಚನೆ ಮತ್ತು ಕೊನೆಯ ದಿನಾಂಕವನ್ನು ನೋಡಿಕೊಳ್ಳಬೇಕು.

ಮೂರನೆಯದಾಗಿ, ಸಾಲ ಅನಿವಾರ್ಯವಾದರೆ ಅದು ಬ್ಯಾಂಕಿನ ಶೈಕ್ಷಣಿಕ ಸಾಲವಾಗಿರಬೇಕು. ರೂ. 4 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ. ಮಾದರಿ ಯೋಜನೆಯಂತೆ ಓದು ಮುಗಿದ ಒಂದು ವರ್ಷದ ನಂತರ ಕಂತು ಆರಂಭವಾಗುತ್ತದೆ. ವಾರದ ಕಂತಿನ ಕೈಸಾಲದಿಂದ ಕಾಲೇಜು ಶುಲ್ಕ ಕಟ್ಟಿದರೆ, ಆ ಕಂತು ತೀರಿಸಲು ವಿದ್ಯಾರ್ಥಿಯೇ ಕೂಲಿಗೆ ಹೋಗಬೇಕಾಗುತ್ತದೆ.

ನಾಲ್ಕನೆಯದಾಗಿ, ದುಡಿಯುವುದು ತಪ್ಪದಿದ್ದರೆ ಓದಿನ ದಾರಿಯನ್ನು ಬದಲಿಸಬಹುದು, ಬಿಡಬೇಕಾಗಿಲ್ಲ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಲೇ ಪದವಿ ಮುಗಿಸಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಣ ಸಾಲದ ಮನೆಯಲ್ಲಿ ಇಬ್ಬರು ಓದುತ್ತಿದ್ದರೆ ಮೊದಲು ನಿಲ್ಲುವುದು ಸಾಮಾನ್ಯವಾಗಿ ಮಗಳ ಓದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದರಿಂದ ದೈನಂದಿನ ಖರ್ಚಿನ ದೊಡ್ಡ ಭಾಗ ಇಳಿದಿದೆ. ಉಳಿದ ಶುಲ್ಕವೆಷ್ಟು, ಅದರಲ್ಲಿ ಎಷ್ಟು ಹಿಂದಿರುಗುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಅನೇಕ ಪೋಷಕರು ನಿರ್ಧಾರವನ್ನು ಬದಲಿಸುತ್ತಾರೆ. ಒಂದು ವರ್ಷ ನಿಲ್ಲಿಸಿ ಮತ್ತೆ ಕಳುಹಿಸುತ್ತೇವೆಂಬ ಮಾತು ಬಹುತೇಕ ಈಡೇರುವುದಿಲ್ಲ.

6. ಗ್ರಾಮ ಪಂಚಾಯತಿ ಮಾಡಬಹುದಾದುದು, ಮಾಡಬಾರದುದು

• ಪ್ರತಿ ವಾರ್ಡಿನ ಸದಸ್ಯರು ಎಸ್ಸೆಸ್ಸೆಲ್ಸಿ ನಂತರ ಓದುತ್ತಿರುವವರ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು. ಹೆಸರು, ಕಾಲೇಜು, ವರ್ಷ, ಅರ್ಜಿ ಹಾಕಲಾಗಿದೆಯೇ ಎಂಬ ನಾಲ್ಕು ಕಲಂಗಳು ಸಾಕು. ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಅದರಲ್ಲಿ ಬರೆಯಬಾರದು.

• ಪ್ರವೇಶದ ತಿಂಗಳಲ್ಲಿ ಅರಿವು ಕೇಂದ್ರದಲ್ಲಿ ಒಂದು ದಿನ ಅರ್ಜಿ ಪರಿಶೀಲನೆ ಏರ್ಪಡಿಸುವುದು, ಆ ದಿನ ಬ್ಯಾಂಕ್ ಮಿತ್ರರನ್ನು ಆಹ್ವಾನಿಸುವುದು.

• ಬಾಕಿ ಪ್ರಕರಣಗಳನ್ನು ಅರ್ಜಿ ಸಂಖ್ಯೆಗಳ ಸಹಿತ ಒಂದೇ ಪತ್ರದಲ್ಲಿ ತಾಲ್ಲೂಕಿನ ಸಂಬಂಧಿತ ಇಲಾಖೆಗೆ ಕಳುಹಿಸುವುದು. "ನಮ್ಮೂರ ಮಕ್ಕಳಿಗೆ ಬಂದಿಲ್ಲ" ಎಂಬ ಸಾಮಾನ್ಯ ದೂರಿಗಿಂತ ಸಂಖ್ಯೆಗಳುಳ್ಳ ಪಟ್ಟಿಗೆ ಬೇಗ ಉತ್ತರ ದೊರೆಯುತ್ತದೆ.

• ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಹಾಗೂ ಅಂಗವಿಕಲರ ಕಲ್ಯಾಣಕ್ಕೆ ಮೀಸಲಾದ ಭಾಗವನ್ನು ವರ್ಷಾಂತ್ಯದಲ್ಲಿ ಆತುರವಾಗಿ ಖರ್ಚು ಮಾಡುವ ಬದಲು, ಮಾರ್ಗಸೂಚಿಯ ಮಿತಿಯಲ್ಲಿ ಪುಸ್ತಕ ಮತ್ತು ಪ್ರೋತ್ಸಾಹಧನಕ್ಕೆ ಕ್ರಿಯಾಯೋಜನೆಯಲ್ಲಿಯೇ ಸೇರಿಸುವುದು.

• 15ನೇ ಹಣಕಾಸು ಆಯೋಗದ ಅನುದಾನವನ್ನು ವಿದ್ಯಾರ್ಥಿವೇತನಕ್ಕೆ ಬದಲಿಯೆಂದು ಭಾವಿಸಬಾರದು. ಅದರ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಯಾದುದು. ಕೊಡಲಾಗದ ಹಣದ ಭರವಸೆಯನ್ನು ಗ್ರಾಮಸಭೆಯಲ್ಲಿ ನೀಡಿದರೆ, ಅದನ್ನು ನಂಬಿದ ಕುಟುಂಬ ಬೇರೆ ದಾರಿ ಹುಡುಕುವುದನ್ನೇ ಬಿಡುತ್ತದೆ.

ಅನುದಾನದ ಏರಿಳಿತವನ್ನು ನಿಯಂತ್ರಿಸುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಆದರೆ ಹಣ ತಡವಾಗಿದೆಯೋ, ಕಡಿತವಾಗಿದೆಯೋ ಅಥವಾ ಅರ್ಜಿಯಲ್ಲೇ ಸಿಲುಕಿದೆಯೋ ಎಂಬುದನ್ನು ಸಕಾಲಕ್ಕೆ ತಿಳಿಸುವುದು ಅದರ ಶಕ್ತಿಗೆ ಮೀರಿದುದಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಾರ್ಡುವಾರು ವಿದ್ಯಾರ್ಥಿಗಳ ಪಟ್ಟಿಯ ವಿಷಯವನ್ನು ಸೇರಿಸಿಕೊಂಡು ಚರ್ಚಿಸುವುದು ಸೂಕ್ತ.